ಟ್ಯೂನ್ ಡೈರಿ ಎಲ್ಲಿಡೋದು? ರೀಲ್ಸ್, ಯೂಟ್ಯೂಬ್, ಸೌಂಡ್‌ಕ್ಲೌಡ್, ಗೂಗಲ್ ಡಾಕ್ ಎಲ್ಲಾ ಇಟ್ಟು ನೋಡಿದ್ದಾಯ್ತು

ಮೊದಲೇ ಹೇಳಿಬಿಡ್ತೀನಿ, ಇದು ಮುಗಿದ ಹಾಡು ಎಲ್ಲಿ ರಿಲೀಸ್ ಮಾಡಬೇಕು ಅನ್ನೋ ವಿಷಯ ಅಲ್ಲ. ಟ್ಯೂನ್ ಇನ್ನೂ ಅರ್ಧಂಬರ್ಧ ಇರೋವಾಗಲೇ, ಈ ವಾರ ಪಲ್ಲವಿ ಕೂತ್ಕೊಳ್ತು, ಚರಣ ಕೈಗೆ ಸಿಗ್ತಾ ಇಲ್ಲ, ತಾಳ ಆದಿಯಿಂದ (ಎಂಟು ಎಣಿಕೆ) ಖಂಡಚಾಪುಗೆ (ಐದು ಎಣಿಕೆ) ಬದಲಾಯಿಸಿದೆ, ಹಿಂಗೆಲ್ಲಾ ವಾರ ವಾರ ಎಲ್ಲರಿಗೂ ಕಾಣೋ ಹಾಗೆ ಬರೆದು ಕೇಳಿಸಿ ಇಡೋ ಡೈರಿ ಬಗ್ಗೆ ಹೇಳ್ತಿರೋದು. ನಾನು ಮಂಡ್ಯದವನು, ಹಗಲು ಬ್ಯಾಂಕ್ ಕೆಲಸ, ಸಂಜೆ ಮೇಲೆ ಕೀಬೋರ್ಡು. ಗುಟ್ಟಾಗಿ ನೋಟ್‌ಬುಕ್ಕಲ್ಲಿ ಬರ್ಕೊಂಡ್ರೆ ಆಗಲ್ವಾ ಅಂತ ಮನೇಲೂ ಕೇಳ್ತಾರೆ, ಆಗುತ್ತೆ, ಆದ್ರೆ ನಾಲ್ಕು ಜನ ನೋಡ್ತಿದಾರೆ ಅಂದ್ರೆ ಮಾತ್ರ ಕೂರೋ ಜಾತಿ ನಂದು.

ನನಗೆ ಬೇಕಿದ್ದಿದ್ದು ಮೂರೇ. ಹಳೇ ಡ್ರಾಫ್ಟ್ ಕೇಳಿದ ತಕ್ಷಣ ಸಿಗಬೇಕು, ಹೊಸದರ ಪಕ್ಕ ಇಟ್ಟು ಕೇಳೋಕಾಗಬೇಕು, ಕೇಳಿದವರು ಸೂಪರ್ ಬ್ರೋ ಅನ್ನೋದು ಬಿಟ್ಟು ಬೇರೆ ಏನಾದ್ರೂ ಹೇಳಬೇಕು. ನನ್ ಪ್ರಕಾರ ಈ ಮೂರನೇದೇ ಕಷ್ಟ, ಮಿಕ್ಕಿದ್ದೆಲ್ಲಾ ಸೆಟ್ಟಿಂಗ್ಸ್ ವಿಷಯ.

ರೀಲ್ಸ್ ಇಂದ ಶುರು ಮಾಡ್ತೀನಿ, ಎಲ್ಲರೂ ಮೊದಲು ಹೋಗೋದು ಅಲ್ಲಿಗೇ. ಜನ ಬೇಕು ಅಂದ್ರೆ ಇದನ್ನ ಮೀರಿಸೋದಿಲ್ಲ, ಗುರುತು ಪರಿಚಯ ಇಲ್ಲದೋರೂ ಬಂದು ಕೇಳ್ತಾರೆ, ಮಳವಳ್ಳಿ ಕಡೆ ಒಬ್ರು ಕೊಳಲು ನುಡಿಸೋರು ನನಗೆ ಪರಿಚಯ ಆಗಿದ್ದೇ ಇಲ್ಲಿಂದ. ಆದ್ರೆ ಡೈರಿಯಾಗಿ? ಆಗಲ್ಲ. ಕಳೆದ ತಿಂಗಳು ಹಾಕಿದ ಡ್ರಾಫ್ಟ್ ಹುಡುಕೋಕೆ ಪ್ರೊಫೈಲಲ್ಲಿ ಕೆಳಗೆ ಕೆಳಗೆ ಉಜ್ಜುತಾ ಹೋಗಬೇಕು, ಎಲ್ಲಾ ನನ್ನದೇ ಮುಖದ ಚಿತ್ರ, ಯಾವುದು ಯಾವ ಟ್ಯೂನು ಅಂತ ನನಗೇ ಗೊತ್ತಾಗಲ್ಲ. ಇದಕ್ಕಿಂತ ದೊಡ್ಡ ಸಮಸ್ಯೆ ಇನ್ನೊಂದಿದೆ, ಯಾರೂ ಅಷ್ಟಾಗಿ ಮಾತಾಡಲ್ಲ ಇದರ ಬಗ್ಗೆ: ಜಾಗ ಚಿಕ್ಕದಿದ್ರೆ ಟ್ಯೂನೂ ಚಿಕ್ಕದಾಗುತ್ತೆ. ರೀಲ್ಸಿಗೆ ಅಂತಲೇ ಕೂತಾಗ ನಾನು ಕಟ್ಟಿದ್ದೆಲ್ಲಾ ಪಲ್ಲವಿಗಳೇ, ಮೊದಲ ಸಾಲಲ್ಲೇ ಕಿವಿ ಹಿಡೀಬೇಕು ಅಂತ ಕೂಡ್ಲೇ ತಾರಸ್ಥಾಯಿಗೆ, ಅಂದ್ರೆ ಮೇಲಿನ ಸ್ವರಗಳಿಗೆ ಹಾರೋದು, ಆಮೇಲೆ ಹೋಗೋಕೆ ಜಾಗವೇ ಇರಲ್ಲ. ಚರಣಕ್ಕೆ ಬರೋ ಹೊತ್ತಿಗೆ ಕ್ಲಿಪ್ ಮುಗಿದಿರುತ್ತೆ.

ಇದರ ಮಧ್ಯೆ ಒಂದು ತಮಾಷೆ. ನಮ್ಮ ಮನೆ ಮುಂದಿನ ರಸ್ತೇಲೇ ಕಬ್ಬಿನ ಟ್ರ್ಯಾಕ್ಟರ್‌ಗಳು ಹೋಗ್ತವೆ, ಮಂಡ್ಯದೋರಿಗೆ ಹೇಳಬೇಕಾಗಿಲ್ಲ, ಲೋಡ್ ಎಷ್ಟಿರುತ್ತೋ ಸೌಂಡೂ ಅಷ್ಟೇ ಇರುತ್ತೆ. ನಾನು ರೆಕಾರ್ಡ್ ಮಾಡ್ತಿರೋವಾಗ ಒಂದು ಟ್ರ್ಯಾಕ್ಟರ್ ಯಾವ್ದೋ ಸಿನಿಮಾ ಹಾಡು ಜೋರಾಗಿ ಹಾಕ್ಕೊಂಡು ಹೋಯ್ತು, ಅದೇ ಕ್ಲಿಪ್ ಹಾಕಿದ್ರೆ ಒಂದು ಕಡೆ ಕಾಪಿರೈಟ್ ಕ್ಲೇಮ್ ಬಂತು. ನನ್ ಟ್ಯೂನಿಗಲ್ಲ, ಟ್ರ್ಯಾಕ್ಟರಿಗೆ! ಆವತ್ತಿಂದ ಕಿಟಕಿ ಹಾಕ್ಕೊಂಡೇ ರೆಕಾರ್ಡಿಂಗು, ಬೇಸಿಗೇಲಿ ಫ್ಯಾನೂ ಆಫ್ ಮಾಡ್ಬೇಕು, ಬೆವರು ಸುರಿಯುತ್ತೆ.

ಯೂಟ್ಯೂಬ್. ಇದು ರೀಲ್ಸ್‌ಗಿಂತ ಎಷ್ಟೋ ವಾಸಿ. ಒಂದು ಟ್ಯೂನಿಗೆ ಒಂದು ಪ್ಲೇಲಿಸ್ಟ್ ಮಾಡಿ, ಟೈಟಲಲ್ಲಿ ತಾರೀಖು ಹಾಕಿದ್ರೆ ಸಾಲಾಗಿ ನಿಂತ್ಕೊಳುತ್ತೆ. ಚಾಪ್ಟರ್ ಅನ್ನೋದು ನನಗೆ ಬಹಳ ಉಪಯೋಗಕ್ಕೆ ಬಂತು, ಡಿಸ್ಕ್ರಿಪ್ಷನಲ್ಲಿ 0:00 ಇಂದ ಶುರು ಮಾಡಿ ಕನಿಷ್ಠ 3 ಟೈಮ್ ಕೊಟ್ರೆ, ಒಂದೊಂದೂ 10 ಸೆಕೆಂಡಿಗಿಂತ ಕಮ್ಮಿ ಇಲ್ದೇ ಇದ್ರೆ ವಿಡಿಯೋ ಕೆಳಗಿನ ಗೆರೆ ತುಂಡು ತುಂಡಾಗುತ್ತೆ. ಹಳೇ ಪಲ್ಲವಿ, ಹೊಸ ಪಲ್ಲವಿ, ಬಿಜಿಎಂ ಟ್ರೈ ಅಂತ ಹೆಸರು ಕೊಟ್ಟು ಒಂದೇ ವಿಡಿಯೋದಲ್ಲಿ ಪಕ್ಕಪಕ್ಕ ಕೇಳಿಸಬಹುದು. ಅನ್‌ಲಿಸ್ಟೆಡ್ ಅಂತ ಇಟ್ರೆ ಲಿಂಕ್ ಇದ್ದೋರಿಗೆ ಮಾತ್ರ ಕಾಣುತ್ತೆ, ನಾಚಿಕೆ ಇರೋರಿಗೆ ಒಳ್ಳೇದು. ಆದ್ರೆ ಪ್ರತಿ ಸಲ ಚಿತ್ರ ಬೇಕು. ಬರೀ ಆಡಿಯೋ ತಗೊಳಲ್ಲ, ಏನಾದ್ರೂ ಒಂದು ಫೋಟೋ ಅಂಟಿಸಿ ವಿಡಿಯೋ ಮಾಡಿ ಎಕ್ಸ್‌ಪೋರ್ಟ್ ಹೊಡೆದು ಅಪ್‌ಲೋಡ್ ಮಾಡೋ ಹೊತ್ತಿಗೆ ಹತ್ತು ಗಂಟೆ ಆಗೋಗಿರುತ್ತೆ, ಬೆಳಿಗ್ಗೆ ಬ್ಯಾಂಕು. ಈ ಸೋಮಾರಿತನ ನಿಮಗಿಲ್ಲ ಅಂದ್ರೆ ಯೂಟ್ಯೂಬೇ ಸಾಕು, ಮುಂದೆ ಓದ್ಲೂಬೇಡಿ.

ಸೌಂಡ್‌ಕ್ಲೌಡ್ ಅಂದ್ರೆ ಬರೀ ಆಡಿಯೋ ಹಾಕೋ ಜಾಗ, ನಮ್ ಕಡೆ ಜಾಸ್ತಿ ಜನ ಬಳಸಲ್ಲ, ಕೇಳಿ ಅಂದ್ರೆ ಅದ್ಯಾವ ಆ್ಯಪು ಅಂತಾರೆ. ಆದ್ರೆ ಡೈರಿಗೆ ನನ್ ಓಟು ಇದಕ್ಕೇ. ಯಾಕೆ ಅಂದ್ರೆ ಕಾಮೆಂಟು. ಇಲ್ಲಿ ಕಾಮೆಂಟ್ ಕೆಳಗೆಲ್ಲೋ ಹೋಗಿ ಬೀಳಲ್ಲ, ಹಾಡಿನ ಅಲೆ ತರದ ಗೆರೆ ಇರುತ್ತಲ್ಲ, ಅದರಲ್ಲಿ ಯಾವ ಸೆಕೆಂಡಿಗೆ ಹೇಳಿದ್ರೋ ಅಲ್ಲೇ ಅಂಟ್ಕೊಳುತ್ತೆ. ಒಂದು ಉದಾಹರಣೆ ಕೊಡ್ತೀನಿ. ಮೋಹನಕಲ್ಯಾಣೀಲಿ ಒಂದು ವಾದ್ಯದ ಟ್ಯೂನ್ ಕಟ್ತಿದ್ದೆ. ಮೈಸೂರು ಆಸ್ಥಾನದಲ್ಲಿದ್ದ ಮುತ್ತಯ್ಯ ಭಾಗವತರು ಹುಟ್ಟುಹಾಕಿದ ರಾಗ ಅದು, ಹತ್ತುವಾಗ ಮೋಹನದ ಹಾಗೆ ಸ ರಿ ಗ ಪ ದ ಸ ಅಂತ ಐದೇ ಸ್ವರ, ಇಳಿಯೋವಾಗ ಕಲ್ಯಾಣಿ ಏಳೂ ಸ್ವರ. ಹಾಕಿ ಎರಡು ದಿನ ಬಿಟ್ಟು ನೋಡಿದ್ರೆ ಮೈಸೂರಿನ ಒಬ್ರು, ವಯಲಿನ್ ಕಲಿಸೋರಂತೆ, ಸರಿಯಾಗಿ 0:41ಕ್ಕೆ ಬರೆದಿದಾರೆ, ಇಲ್ಲಿ ಹತ್ತುವಾಗಲೇ ನಿಷಾದ ಬಂತಲ್ಲ, ಬೇಕು ಅಂತಲೇ ಹಾಕಿದ್ದಾ ಅಂತ. ನಿಷಾದ ಅಂದ್ರೆ ನಿ, ಈ ರಾಗದಲ್ಲಿ ಅದು ಇಳಿಯೋವಾಗ ಮಾತ್ರ ಬರಬೇಕು. ಯೂಟ್ಯೂಬಲ್ಲೂ ಟೈಮ್ ಟೈಪ್ ಮಾಡಿದ್ರೆ ಲಿಂಕ್ ಆಗುತ್ತೆ ನಿಜ, ಆದ್ರೆ ಟೈಪ್ ಮಾಡೋ ಮನಸ್ಸು ಬರಬೇಕಲ್ಲ ಜನಕ್ಕೆ. ಇಲ್ಲಿ ಕೇಳ್ತಾ ಕೇಳ್ತಾ ಬರೆದ್ರೆ ತಾನಾಗೇ ಕೂತ್ಕೊಳುತ್ತೆ, ಅದಕ್ಕೇ ಜನ ನಿರ್ದಿಷ್ಟವಾಗಿ ಮಾತಾಡ್ತಾರೆ ಅಂತ ನನ್ ಅನಿಸಿಕೆ. ಕೇಳೋರು ಕಮ್ಮಿ, ಬಹಳ ಕಮ್ಮಿ, ಆದ್ರೆ ಬಂದೋರು ಕಿವಿ ಇಟ್ಟು ಕೇಳಿರ್ತಾರೆ.

ಫ್ರೀ ಅಕೌಂಟಿಗೆ ಒಟ್ಟು ಇಷ್ಟು ಗಂಟೆ ಅಂತ ಮಿತಿ ಇದೆ, ಎರಡೆರಡು ನಿಮಿಷದ ಡ್ರಾಫ್ಟಿಗೆ ಅದು ಬೇಗ ತುಂಬಲ್ಲ. ದುಡ್ಡು ಕಟ್ಟಿದ್ರೆ ಲಿಂಕ್ ಬದಲಾಗದೇ ಒಳಗಿನ ಫೈಲ್ ಮಾತ್ರ ಬದಲಾಯಿಸಬಹುದು, ಅದು ದೊಡ್ಡ ಅನುಕೂಲ ಅಂತ ಗೆಳೆಯ ಒಬ್ಬ ಹೇಳ್ತಾನೆ ಇದ್ದ. ಡೈರಿ ಬರೆಯೋನಿಗೆ ಅದು ಅನುಕೂಲ ಅಲ್ಲ, ತೊಂದರೆ, ಹಳೇ ಪುಟ ಹರಿದು ಹೊಸ ಪುಟ ಅಂಟಿಸಿದ ಹಾಗೆ. ಹಳೇದು ಕೆಟ್ಟದಾಗಿದ್ರೂ ಅಲ್ಲೇ ಇರ್ಲಿ. ಅದಕ್ಕೇ ನಾನು ದುಡ್ಡು ಕಟ್ಟಿಲ್ಲ (ಜಿಪುಣ ಅಂದ್ಕೊಂಡ್ರೂ ಪರವಾಗಿಲ್ಲ).

ಗೂಗಲ್ ಡಾಕ್ ಇದಕ್ಕೆಲ್ಲಿ ಬಂತು ಅಂತೀರಾ, ಸ್ವರ ಬರೆಯೋಕೆ. ಲಿಂಕ್ ಇದ್ದೋರೆಲ್ಲಾ ನೋಡಬಹುದು ಅಂತ ಇಟ್ಟು, ಒಂದೊಂದು ವಾರದ್ದು ಮೇಲೆ ಸೇರಿಸ್ತಾ ಹೋಗೋದು: ತಾರೀಖು, ಶ್ರುತಿ ಒಂದೂವರೆ ಮನೆ (ಕೀಬೋರ್ಡಲ್ಲಿ ಸಿ ಶಾರ್ಪ್), ತಾಳ, ಸ್ವರ, ಏನು ಬದಲಾಯ್ತು, ಯಾಕೆ. ವರ್ಷನ್ ಹಿಸ್ಟರೀಲಿ ಹಳೇದೆಲ್ಲಾ ಸಿಗುತ್ತೆ, ಹುಡುಕಿದ್ರೆ ಕೂಡ್ಲೇ ಬರುತ್ತೆ, ನನ್ನ ಮೊದಲನೇ ಶರತ್ತಿಗೆ ಇದೇ ಒಂದನೇ ನಂಬರು. ಕಷ್ಟ ಏನಂದ್ರೆ ಸ್ವರದ ಮೇಲೆ ಕೆಳಗೆ ಸ್ಥಾಯಿ ಚುಕ್ಕಿ ಹಾಕೋದು ಕನ್ನಡ ಕೀಬೋರ್ಡಲ್ಲಿ ತಲೆನೋವು, ನಾನು ತಾರಸ್ಥಾಯಿಗೆ ಸ್ವರದ ಪಕ್ಕದಲ್ಲಿ ಒಂದು ಗುರುತು ಹಾಕ್ಕೊಂಡು, ಅದರ ಅರ್ಥ ಡಾಕಿನ ಮೇಲ್ಗಡೇನೇ ಬರೆದಿಟ್ಟಿದೀನಿ. ಓದೋರು? ಸ್ವರ ಓದೋಕೆ ಬರೋರು ಮಾತ್ರ. ನಮ್ಮಣ್ಣ ತೆಗೆದು ನೋಡಿ, ಏನೋ ಇದು ಟೆಲಿಫೋನ್ ನಂಬರ್ ತರ ಇದೆ ಅಂದ.

ಮ್ಯೂಸ್‌ಸ್ಕೋರ್ ಕೂಡ ನೋಡಿದೆ, ಸ್ಟಾಫ್ ನೊಟೇಶನ್ (ಐದು ಗೆರೆ ಮೇಲೆ ಬರೆಯೋ ಪಾಶ್ಚಾತ್ಯ ಪದ್ಧತಿ) ಬರೋರಿಗೆ ಚೆನ್ನಾಗಿದೆ, ಸಾಫ್ಟ್‌ವೇರ್ ಫ್ರೀ. ಪಿಯಾನೋ ಥರದ ಟ್ಯೂನು, ಕಾರ್ಡ್ಸ್ (ಒಟ್ಟಿಗೆ ಒತ್ತೋ ಸ್ವರಗಳು) ಇರೋದು ಆದ್ರೆ ಅದೇ ಬೆಸ್ಟ್. ಆದ್ರೆ ಗಮಕ, ಅಂದ್ರೆ ಸ್ವರ ಅಲ್ಲಾಡಿಸೋದು, ಬಂತೋ ಮುಗೀತು, ತೋಡಿ ರಾಗದ ಗಾಂಧಾರ (ಗ) ಬರೆದು ಪ್ಲೇ ಒತ್ತಿ ನೋಡಿ, ಅಲ್ಲಾಡದೇ ನೆಟ್ಟಗೆ ನಿಂತ್ಕೊಂಡು ಬಿಡುತ್ತೆ, ಅದು ತೋಡಿ ಅಂತ ಯಾರೂ ಹೇಳಲ್ಲ.

ಇನ್ನು ವಾಟ್ಸಾಪ್. ಇದು ಪಬ್ಲಿಕ್ ಅಲ್ಲ, ಲೆಕ್ಕಕ್ಕೆ ತಗೊಳ್ಬಾರದು, ಆದ್ರೂ ಬಿಡೋಕಾಗಲ್ಲ. ನಮ್ ಕಡೆ ಹಳ್ಳಿ ಹಳ್ಳೀಲೂ ಪೌರಾಣಿಕ ನಾಟಕ ಆಡ್ತಾರಲ್ಲ, ಅಂಥಾ ನಾಟಕ ಕಲಿಸೋ ಹಾರ್ಮೋನಿಯಂ ಮೇಷ್ಟ್ರು ಒಬ್ರು ನಮ್ ಗ್ರೂಪಲ್ಲಿದಾರೆ. ಲಿಂಕ್ ಕಳಿಸಿದ್ರೆ ಒತ್ತಲ್ಲ, ವಾಯ್ಸ್ ನೋಟ್ ಕಳಿಸಿದ್ರೆ ಕೇಳಿ ವಾಯ್ಸ್ ನೋಟಲ್ಲೇ ಉತ್ತರ: "ಲೋ, ಚರಣ ಎಲ್ಲಿಗ್ ಎತ್ಕೊಂಡ್ ಹೋದೆ ನೀನು, ಪಲ್ಲವಿಗೆ ವಾಪಸ್ ಬರಾಕೆ ದಾರೀನೇ ಇಲ್ವಲ್ಲೋ, ಹಾಡೋನು ಅಲ್ಲೇ ನಿಂತ್ಕೋಬೇಕಾ?" ಅಂತ. ಇಷ್ಟು ಉಪಯೋಗದ ಮಾತು ನನಗೆ ಯಾವ ಕಾಮೆಂಟಲ್ಲೂ ಬಂದಿಲ್ಲ. ಮೇಷ್ಟ್ರೇ ಇದನ್ನ ನಿಮ್ ಹೆಸರು ಹಾಕದೇ ಡೈರೀಲಿ ಬರ್ಕೊಳ್ಲಾ ಅಂತ ಕೇಳಿದೆ, ಬರ್ಕೊಳಪ್ಪ ನನ್ದೇನ್ ಗಂಟು ಹೋಗುತ್ತೆ ಅಂದ್ರು. ಒಂದು ಎಚ್ಚರಿಕೆ: ವಾಯ್ಸ್ ನೋಟ್ ಮಾತಿಗೆ ಅಂತ ಮಾಡಿರೋದು, ಚೆನ್ನಾಗಿ ಹಿಂಡಿಬಿಡುತ್ತೆ, ತಂಬೂರಿ ನಾದ ಎಲ್ಲಾ ತೆಳ್ಳಗಾಗಿ ಹೋಗುತ್ತೆ. ಸೌಂಡ್ ಬಗ್ಗೆ ಅಭಿಪ್ರಾಯ ಬೇಕಿದ್ರೆ ಫೈಲನ್ನ ಡಾಕ್ಯುಮೆಂಟ್ ಅಂತ ಕಳಿಸಿ, ಇದ್ದ ಹಾಗೇ ಹೋಗುತ್ತೆ. ಬರೀ ಟ್ಯೂನ್ ಸರಿನಾ ಅಂತ ಕೇಳೋಕೆ ವಾಯ್ಸ್ ನೋಟೇ ಸಾಕು.

ಸದ್ಯಕ್ಕೆ ನಾನು ನಡೆಸ್ತಿರೋದು ಹಿಂಗೆ: ಆಡಿಯೋ ಸೌಂಡ್‌ಕ್ಲೌಡಲ್ಲಿ, ಸ್ವರ ಮತ್ತೆ ಕಾರಣ ಡಾಕಲ್ಲಿ, ಎರಡರಲ್ಲೂ ಒಂದರದ್ದು ಇನ್ನೊಂದಕ್ಕೆ ಲಿಂಕ್, ಮೇಷ್ಟ್ರು ಹೇಳಿದ್ದು ಡಾಕಿಗೆ. ರೀಲ್ಸ್ ಯಾವಾಗ್ಲಾದ್ರೂ ಒಂದು, ಅದೂ ಟ್ಯೂನ್ ಮುಗಿದ ಮೇಲೆ.

ಎಲ್ಲರೂ ಕೇಳೋ ಪ್ರಶ್ನೆ, ಹಿಂಗೆ ಬಿಚ್ಚಿಟ್ರೆ ಯಾರಾದ್ರೂ ಟ್ಯೂನ್ ಕದಿಯಲ್ವಾ ಅಂತ. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಹಕ್ಕಿಗೆ ರಿಜಿಸ್ಟ್ರೇಶನ್ ಕಡ್ಡಾಯ ಅಲ್ಲ, ಮತ್ತೆ 1994ರ ತಿದ್ದುಪಡಿ ಆದ್ಮೇಲೆ ಸಂಗೀತ ಕೃತಿ ಅನ್ನಿಸ್ಕೊಳ್ಳೋಕೆ ಸ್ವರ ಹಾಕಿ ಬರೆದೇ ಇರಬೇಕು ಅಂತಲೂ ಇಲ್ಲ. ತಾರೀಖು ಸಮೇತ ಇರೋ ಡ್ರಾಫ್ಟುಗಳ ಸಾಲು ಇದ್ರೆ ಜಗಳ ಬಂದಾಗ ತೋರಿಸೋಕೆ ಏನೋ ಒಂದು ಇರುತ್ತೆ, ಅದಕ್ಕೂ ಹಳೇದನ್ನ ಅಳಿಸಬಾರದು. ನನಗೆ ಭಯ ಇರೋದು ಉಲ್ಟಾ ಕಡೆ, ನಾವೇ ಬೇರೆಯೋರದ್ದು ಹಾಕಿಬಿಡ್ತೀವಿ. ಭಾವಗೀತೆ ಟ್ಯೂನ್ ಮಾಡೋರು ಇದನ್ನ ಗಮನಿಸಿ. ಕವಿ ತೀರ್ಕೊಂಡು 60 ವರ್ಷದ ತನಕ ಸಾಹಿತ್ಯದ ಹಕ್ಕು ಇರುತ್ತೆ, ನಮ್ಮ ಜಿಲ್ಲೆ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರು ಹೋಗಿದ್ದು 2003ರಲ್ಲಿ, ಅಂದ್ರೆ 2063 ಮುಗಿಯೋವರೆಗೂ ಅವರ ಪದ್ಯಕ್ಕೆ ಅನುಮತಿ ಬೇಕು, ಡ್ರಾಫ್ಟ್ ತಾನೇ ಅಂತ ಎಲ್ಲರಿಗೂ ಕೇಳೋ ಹಾಗೆ ಹಾಕೋಕೆ ಬರಲ್ಲ. ವಚನ, ದಾಸರ ಪದಕ್ಕೆ ಆ ತಕರಾರಿಲ್ಲ. ಕಾಯ್ದೇಲಿ ಸಂಗೀತ ಬೇರೆ, ಸಾಹಿತ್ಯ ಬೇರೆ ಅಂತಲೇ ಇದೆ, ಅದಕ್ಕೆ ಅನುಮತಿ ಸಿಗೋವರೆಗೆ ಅಂಥಾ ಟ್ಯೂನುಗಳನ್ನ ಪದ ತೆಗೆದು ಬರೀ ತಾನನ ಅಂತ ಹಾಡಿ ಹಾಕ್ತೀನಿ, ಪದ ಹಾಕಿ ಹಾಡಬೇಕು ಅಂದ್ರೆ ಮೇಷ್ಟ್ರ ಮನೆಗೇ ಹೋಗ್ತೀನಿ.