ಹೊಸ ಶೋಗಳಲ್ಲಿ ಯಾವುದನ್ನು ಬಿಡಬೇಕು?

ಒಂದೇ ಸಲ ಮೂರ್ನಾಲ್ಕು ಹೊಸ ಶೋ ಶುರು ಮಾಡಿದ್ದೀರಾ? ಎಲ್ಲವನ್ನೂ ಕೊನೆತನಕ ನೋಡುವುದು ಕಷ್ಟ. ಆದರೆ ಹಾಸ್ಯವನ್ನೂ ಥ್ರಿಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಹಾಸ್ಯಕ್ಕೆ ಜಾಸ್ತಿ ಅವಕಾಶ ಕೊಡಿ. ಪಾತ್ರಗಳ ಪರಿಚಯವಾಗದೆ ನಗು ಬರುವುದಿಲ್ಲ, ಅಲ್ವಾ? ಬರೆಯುವವರಿಗೂ ಯಾವ ನಟರಿಗೆ ಏನು ಒಪ್ಪುತ್ತದೆ ಎಂದು ತಿಳಿಯಲು ಕೆಲವು ಕಂತು ಬೇಕು. ಅಮೆರಿಕದ ‘ದಿ ಆಫೀಸ್’ 2005ರಲ್ಲಿ ಬರೀ 6 ಕಂತುಗಳ ಸೀಸನ್‌ನಿಂದ ಶುರುವಾಯಿತು. ನನಗೆ ಅದು ಒಣಒಣ ಎನಿಸಿತ್ತು. ಎರಡನೇ ಸೀಸನ್‌ನಲ್ಲಿ ಬಾಸ್ ಮೈಕಲ್ ಸ್ವಲ್ಪ ಮೆತ್ತಗಾದ ಮೇಲೆ ಜೀವ ಬಂತು. ಕಂತೊಂದಕ್ಕೆ ಸುಮಾರು 22 ನಿಮಿಷ. ಐದು ನೋಡಿದರೂ ಎರಡು ಗಂಟೆ ಆಗುವುದಿಲ್ಲ.

ಥ್ರಿಲ್ಲರ್‌ಗೆ ಇಷ್ಟು ತಾಳ್ಮೆ ಬೇಡ. ಕಂತೊಂದು ಗಂಟೆ ತಿನ್ನುತ್ತದೆ. ಮೂರು ಕಂತು ಕಳೆದರೂ ಒಂದು ಪ್ರಶ್ನೆಗೂ ಉತ್ತರ ಕೊಡದೆ, ಸುಮ್ನೆ ಹೊಸ ಗುಟ್ಟುಗಳನ್ನೇ ಪೇರಿಸುತ್ತಿದ್ದರೆ ನಾನಂತೂ ಬಿಡುತ್ತೇನೆ. ಕೊನೆಯ ನಿಮಿಷದ ತಿರುವು ಬಿಟ್ಟರೆ ಬೇರೇನೂ ನೆನಪಿಲ್ಲವೇ? ಅದೂ ಬಿಡಬೇಕಾದ ಲಕ್ಷಣವೇ.

ಮಿನಿ ಸರಣಿಯಾದರೆ ಮುಗಿಸಿಬಿಡಿ. 2019ರ ‘ಚೆರ್ನೋಬಿಲ್’ 5 ಕಂತಿಗೆ ಮುಗಿಯುತ್ತದೆ, ಕಥೆಗೆ ಕೊನೆಯೂ ಇದೆ.

ರಿಯಾಲಿಟಿ ಶೋ ಮಧ್ಯದಲ್ಲಿ ಬಿಟ್ಟರೂ ನಷ್ಟವಿಲ್ಲ. ಮೊದಲು ಅದನ್ನೇ ಬಿಡಿ.