ಒಂದೂವರೆ ಬಾಕ್ಸ್ ಟೊಮೆಟೊ ಎತ್ತುವ ಸರ್ವೋ, ಒಂದು ಸೈಟ್ ಕಲ್ಲು

ಆರ್‌ಸಿ, ಅಂದರೆ ರಿಮೋಟಿನಲ್ಲಿ ಓಡಿಸುವ ಕಾರಿಗೆ ಸ್ಟೀರಿಂಗ್ ಸರ್ವೋ (ಮುಂದಿನ ಚಕ್ರ ತಿರುಗಿಸುವ ಪುಟ್ಟ ಮೋಟಾರ್ ಡಬ್ಬಿ) ಹುಡುಕುತ್ತಿದ್ದೀರಾ? ಸ್ಟಿಕ್ಕರ್ ಮೇಲಿನ ಕೆಜಿ ನೋಡಿ ಆರ್ಡರ್ ಒತ್ತುವ ಮುಂಚೆ ಇದನ್ನು ಓದಿ. ನಾನು ಒತ್ತಿದೆ. 749 ರೂಪಾಯಿಯ ಸರ್ವೋ ಕೊನೆಗೆ ಮೂರೂವರೆ ಸಾವಿರಕ್ಕೆ ಬಿತ್ತು.

ನಮ್ಮದು 1/10 ಅಳತೆಯ ಟ್ರಕ್ಕು, ಸೆಕೆಂಡ್ ಹ್ಯಾಂಡ್. ನನ್ನದು ಅಂತ ಹೆಸರು, ಓಡಿಸುವುದು ಜಾಸ್ತಿ ಅಕ್ಕನ ಮಗ. ಕೋಲಾರದಲ್ಲಿ ಇದಕ್ಕೆ ಅಂತ ಟ್ರ್ಯಾಕ್ ಎಲ್ಲಿಂದ ಬರಬೇಕು? ಟಮಕದ ಕಡೆ ಒಂದು ಲೇಔಟ್ ಇದೆ. ಟಾರು ಹಾಕಿದ್ದಾರೆ, ಕಲ್ಲು ನೆಟ್ಟಿದ್ದಾರೆ, ಮನೆ ಮಾತ್ರ ಒಂದೂ ಎದ್ದಿಲ್ಲ. ಭಾನುವಾರ ಸಂಜೆ ಅದೇ ನಮ್ಮ ಟ್ರ್ಯಾಕು. ಹಳೇ ಟೊಮೆಟೊ ಬಾಕ್ಸ್ ಮೇಲೆ ಹಲಗೆ ಒರಗಿಸಿದರೆ ಹಾರುದಿಣ್ಣೆ ತಯಾರು.

ಆ ದಿಣ್ಣೆಯಿಂದ ಹಾರಿ ಹಾರಿಯೇ ಗಾಡಿ ಜೊತೆ ಬಂದಿದ್ದ ಸರ್ವೋ ಸತ್ತಿದ್ದು. ಒಳಗೆ ಪ್ಲಾಸ್ಟಿಕ್ ಗೇರ್. ನೆಲಕ್ಕೆ ಬೀಳುವಾಗ ಮುಂದಿನ ಚಕ್ರಕ್ಕೆ ಬಿದ್ದ ಏಟು ಸೀದಾ ಗೇರಿಗೆ ಹೋಗಿ ನಾಲ್ಕು ಹಲ್ಲು ಉದುರಿದ್ದವು. ಎಡಕ್ಕೆ ತಿರುಗುತ್ತಿತ್ತು, ಬಲಕ್ಕೆ ಬರೀ ಕಟಕಟ ಸದ್ದು. ಇದರಲ್ಲಿ ಯಾರ ತಪ್ಪೂ ಇಲ್ಲ, ಪ್ಲಾಸ್ಟಿಕ್ ಗೇರಿನ ಹಣೆಬರಹವೇ ಅಷ್ಟು.

ತಪ್ಪು ಶುರುವಾಗಿದ್ದು ಆಮೇಲೆ. ರಾತ್ರಿ ಹನ್ನೊಂದಕ್ಕೆ ಫೋನ್ ಹಿಡಿದು ಹುಡುಕಿದೆ. ಆನ್‌ಲೈನಿನಲ್ಲಿ ಯಾರೋ ಮಾರುತ್ತಿದ್ದರು: ‘25 ಕೆಜಿ, ಡಿಜಿಟಲ್, ಫುಲ್ ಮೆಟಲ್ ಗೇರ್, ವಾಟರ್‌ಪ್ರೂಫ್’. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದಪ್ಪ ಇರುವ ವಸ್ತು. ನಮ್ಮ ಮಾರುಕಟ್ಟೆಯಲ್ಲಿ ಟೊಮೆಟೊ ಬಾಕ್ಸ್ ಅಂದರೆ 15 ಕೆಜಿ ಲೆಕ್ಕ. ಇಷ್ಟು ಚಿಕ್ಕದು ಒಂದೂವರೆ ಬಾಕ್ಸಿಗಿಂತ ಜಾಸ್ತಿ ಎತ್ತುತ್ತದಾ ಅಂತ ಅನುಮಾನ ಬರಬೇಕಿತ್ತು. ಬರಲಿಲ್ಲ. ಅದೇ ಪುಟದಲ್ಲಿ 15 ಕೆಜಿಯ ಇನ್ನೊಂದು ಸರ್ವೋಗೆ 2,200 ರೂಪಾಯಿ ಇತ್ತು. ಕಮ್ಮಿ ಬಲಕ್ಕೆ ಯಾಕೆ ಮೂರು ಪಟ್ಟು ಕೊಡಬೇಕು ಅಂದುಕೊಂಡು ನಕ್ಕಿದ್ದೆ ಬೇರೆ.

ನಾಲ್ಕು ದಿನಕ್ಕೆ ಬಂತು. ಸ್ಟ್ಯಾಂಡರ್ಡ್ ಸೈಜು, ಹಳೆಯದರ ಜಾಗದಲ್ಲೇ ಕೂತಿತು. ಮನೆಯಲ್ಲಿ ಗಾಡಿಯನ್ನು ಡಬ್ಬದ ಮೇಲಿಟ್ಟು ಸ್ಟೀರಿಂಗ್ ಆಡಿಸಿದೆ, ಚಕ್ರ ಪಟಪಟ ತಿರುಗಿತು. ಪೂರ್ತಿ ತಿರುಗಿಸಿ ಹಿಡಿದರೆ ಮಾತ್ರ ಗೊಂಯ್ ಅಂತ ಒಂದು ಸದ್ದು. ‘ನೋಡೋ, ಎಷ್ಟು ಪವರ್ ಇದೆ’ ಅಂದೆ ಹುಡುಗನಿಗೆ. ಆ ಸದ್ದಿಗೆ ಬೇರೆಯೇ ಅರ್ಥ ಇದೆ ಅಂತ ಗೊತ್ತಾಗಿದ್ದು ಆಮೇಲೆ.

ಭಾನುವಾರ ಲೇಔಟಿಗೆ ಹೋದೆವು. ಮೊದಲ ಹತ್ತು ನಿಮಿಷ ಚೆನ್ನಾಗಿತ್ತು. ಆಮೇಲೆ ನಡುನಡುವೆ ಗಾಡಿ ಒಂದು ಕ್ಷಣ ಮಂಕಾಗುವುದು, ಮತ್ತೆ ಸರಿಹೋಗುವುದು. ರಿಮೋಟಿನ ಬ್ಯಾಟರಿ ಇರಬೇಕು ಅಂದುಕೊಂಡೆ. ಇವನು ಉದ್ದನೆಯ ರಸ್ತೆಯಲ್ಲಿ ಪೂರ್ತಿ ವೇಗ ಕೊಟ್ಟು, ಕೊನೆಯಲ್ಲಿ ಬಲಕ್ಕೆ ಪೂರ್ತಿ ತಿರುಗಿಸಿದ. ಚಕ್ರ ಅರ್ಧ ತಿರುಗಿತು, ಅಲ್ಲೇ ನಿಂತಿತು.

‘ಮಾಮ, ತಿರುಗ್ತಿಲ್ಲ! ಬ್ರೇಕೂ ಹಿಡೀತಿಲ್ಲ!’

ಆ ಎರಡನೇ ಮಾತನ್ನು ನೆನಪಿಟ್ಟುಕೊಳ್ಳಿ. ಗಾಡಿ ಹೋದ ವೇಗದಲ್ಲೇ ಸೈಟ್ ಕಲ್ಲಿಗೆ ಗುದ್ದಿತು. ಮುಂದಿನ ಚಕ್ರ ಹಿಡಿದಿಡುವ ಆರ್ಮ್ ಎರಡೂ ಮುರಿದವು, ಬಂಪರ್ ಎರಡು ಹೋಳಾಯಿತು. ನಮ್ಮ ಪುಣ್ಯ, ಅಲ್ಲಿ ಯಾರೂ ವಾಕಿಂಗ್ ಬಂದಿರಲಿಲ್ಲ. ಎರಡೂವರೆ ಕಿಲೋ ಗಾಡಿ ಆ ವೇಗದಲ್ಲಿ ಯಾರ ಮೊಣಕಾಲಿಗಾದರೂ ತಗುಲಿದ್ದರೆ ಈ ಬರಹದ ಧಾಟಿಯೇ ಬೇರೆ ಇರುತ್ತಿತ್ತು.

ಸರ್ವೋ ಕೈ ಕೊಟ್ಟರೆ ಸ್ಟೀರಿಂಗ್ ಹೋಗಬೇಕು, ಬ್ರೇಕ್ ಯಾಕೆ ಹೋಯಿತು? ಎರಡು ರಾತ್ರಿ ತಲೆ ತಿಂದಿದ್ದು ಇದೇ. ಉತ್ತರ ಸಿಕ್ಕಿದ್ದು ಕಿಟಕಿ ಕಂಬಿಯಲ್ಲಿ. ಸರ್ವೋವನ್ನು ಕಂಬಿಗೆ ಕಟ್ಟುತಂತಿ ಸುತ್ತಿ ಬಿಗಿದೆ. ಊರಿಗೆ ಹೋಗುವಾಗ ಲಗೇಜ್ ತೂಗುವ ಕೊಕ್ಕೆಯ ತಕ್ಕಡಿ ಇತ್ತಲ್ಲ, ಅದನ್ನು ಹಾರ್ನಿನ (ಸರ್ವೋ ಶಾಫ್ಟಿಗೆ ಕೂರಿಸುವ ಪುಟ್ಟ ತೋಳು) ತೂತಿಗೆ ಸಿಕ್ಕಿಸಿ ಇನ್ನೊಂದು ತುದಿಯನ್ನು ಕೈಯಲ್ಲಿ ಗಟ್ಟಿಯಾಗಿ ಹಿಡಿದೆ. ಹುಡುಗ ರಿಮೋಟ್ ತಿರುಗಿಸಿದ. ತಕ್ಕಡಿ 3.4 ಕೆಜಿ ತೋರಿಸಿ ನಿಂತಿತು. ಅದೇ ಹೊತ್ತಿಗೆ ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರ್ ಮೇಲಿನ ಕೆಂಪು ಲೈಟು ಆರಿ ಮತ್ತೆ ಹತ್ತಿತು. ಮತ್ತೆ ಮಾಡಿದೆವು, ಮತ್ತೆ ಆರಿತು.

ಆಗಿದ್ದು ಇಷ್ಟು. ಸರ್ವೋಗೂ ರಿಸೀವರಿಗೂ ಕರೆಂಟ್ ಕೊಡುವುದು ಇಎಸ್‌ಸಿ (ಗಾಡಿಯ ವೇಗ, ಬ್ರೇಕ್ ನೋಡಿಕೊಳ್ಳುವ ಡಬ್ಬಿ) ಒಳಗಿರುವ ಬಿಇಸಿ ಅನ್ನೋ ಸಣ್ಣ ಸರ್ಕ್ಯೂಟು. ನನ್ನದರ ಮೇಲೆ 6 ವೋಲ್ಟ್, 2 ಆಂಪಿಯರ್ ಅಂತ ಬರೆದಿತ್ತು. ತಿರುಗಲಾರದೆ ಸಿಕ್ಕಿಕೊಂಡ ಸರ್ವೋ ಮೋಟಾರ್ ಅದಕ್ಕಿಂತ ಜಾಸ್ತಿ ಎಳೆಯುತ್ತದೆ. ವೋಲ್ಟೇಜ್ ಕುಸಿಯುತ್ತದೆ, ರಿಸೀವರ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಆ ಅರ್ಧ ಸೆಕೆಂಡ್ ಗಾಡಿ ಯಾರ ಮಾತನ್ನೂ ಕೇಳುವುದಿಲ್ಲ. ‘ಸಿಗ್ನಲ್ ಕಟ್ ಆಯ್ತು’ ಅಂತ ರಿಮೋಟಿಗೆ ಬೈಯುವವರು ಒಂದು ಸಲ ಇದನ್ನೂ ನೋಡಿ.

ಇನ್ನು ಆ 3.4 ಕೆಜಿ ಲೆಕ್ಕ. ಸರ್ವೋ ಮೇಲೆ ಬರೆಯುವುದು ಬರೀ ಕೆಜಿ ಅಲ್ಲ, ಕೆಜಿ-ಸೆಂಟಿಮೀಟರ್. 25 ಅಂದರೆ ಶಾಫ್ಟಿನ ನಡುವಿನಿಂದ 1 ಸೆಂ.ಮೀ. ದೂರದಲ್ಲಿ 25 ಕೆಜಿ ಎಳೆತ. 2 ಸೆಂ.ಮೀ. ದೂರದ ತೂತಿಗೆ ಹೋದರೆ ಹನ್ನೆರಡೂವರೆ. ಅದೂ ಮೋಟಾರ್ ತಿರುಗಲಾರದೆ ನಿಂತುಬಿಡುವ ಹೊತ್ತಿನ ಬಲ, ಆರಾಮಾಗಿ ಕೆಲಸ ಮಾಡುವ ಬಲ ಅಲ್ಲ. ನಾನು ತಕ್ಕಡಿ ಸಿಕ್ಕಿಸಿದ್ದು 2 ಸೆಂ.ಮೀ. ತೂತಿಗೆ. ಹಾಗಾಗಿ ನನ್ನ ‘25 ಕೆಜಿ’ ಸರ್ವೋ ನಿಜವಾಗಿ ಕೊಟ್ಟಿದ್ದು 6.8. ಮಾರಿದವರ ಪುಟವನ್ನು ಕೆಳಗಿನ ತನಕ ಓದಿದಾಗ ಸಣ್ಣಕ್ಷರದಲ್ಲಿ ಸಿಕ್ಕಿತು, ಆ 25 ಬರುವುದು 8.4 ವೋಲ್ಟ್ ಕೊಟ್ಟರೆ ಅಂತೆ. ನನ್ನ ಬಿಇಸಿ ಕೊಡುವುದು 6.

ವೋಲ್ಟೇಜ್ ಇಳಿದರೆ ಬಲ ಇಳಿಯುವುದು ಎಲ್ಲಾ ಸರ್ವೋಗೂ ಇದ್ದದ್ದೇ. ಇಂಜಿನಿಯರಿಂಗ್ ಹುಡುಗರ ಪ್ರಾಜೆಕ್ಟ್‌ಗಳಲ್ಲಿ ಕಾಣುವ ಎಂಜಿ996ಆರ್ ಅನ್ನೋ ಸರ್ವೋ ಇದೆಯಲ್ಲ, ಅದರ ವಿವರಪಟ್ಟಿಯಲ್ಲೇ 4.8 ವೋಲ್ಟಿಗೆ 9.4, 6 ವೋಲ್ಟಿಗೆ 11 ಅಂತ ಎರಡು ಅಂಕಿ ಇರುತ್ತದೆ. ವೋಲ್ಟ್ ಹೇಳದೆ ಒಂದೇ ಒಂದು ಅಂಕಿ ದೊಡ್ಡದಾಗಿ ಬರೆದಿದ್ದರೆ ಆ ಪುಟ ಮುಚ್ಚಿಬಿಡಿ.

‘ಹಂಗಾದ್ರೆ ಬ್ಯಾಟರಿಗೇ ನೇರ ಕೊಡು’ ಅಂತ ಒಬ್ಬ ಗೆಳೆಯ ಸಲಹೆ ಕೊಟ್ಟ. ಬೇಡ. 2ಎಸ್ ಲಿಪೋ (ಎರಡು ಸೆಲ್ಲಿನ ಲಿಥಿಯಂ ಬ್ಯಾಟರಿ) ಮೇಲೆ 7.4 ಅಂತ ಬರೆದಿದ್ದರೂ ಪೂರ್ತಿ ಚಾರ್ಜ್ ಆದಾಗ ಅದು 8.4 ವೋಲ್ಟ್. ಅಷ್ಟು ತಡೆಯುವ ಸರ್ವೋ ಅಲ್ಲದಿದ್ದರೆ ಬೋರ್ಡು ಸುಟ್ಟು ಹೋಗುತ್ತದೆ.

ಸರ್ವೋ ಕೈಯಲ್ಲಿ ಹಿಡಿದಾಗಲೇ ಹಗುರ ಅನ್ನಿಸಿತ್ತು. ಎದುರುಮನೆಯವರದು ಬೆಳ್ಳಿ ಬಂಗಾರದ ಅಂಗಡಿ. ಅವರ ತಕ್ಕಡಿಯಲ್ಲಿ ತೂಗಿಸಿದೆ. ಚಿನ್ನದ ಗಣಿ ಇದ್ದ ಜಿಲ್ಲೆಯಲ್ಲಿ ಸರ್ವೋ ಹಿಡಿದು ಆ ಅಂಗಡಿ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಇರಬೇಕು. ಡಬ್ಬಿ ಮೇಲೆ 60 ಗ್ರಾಂ, ತಕ್ಕಡಿಯಲ್ಲಿ 43. ಬಿಚ್ಚಿದರೆ ‘ಫುಲ್ ಮೆಟಲ್’ ಗೇರಿನಲ್ಲಿ ಮೂರು ಲೋಹ, ಮೋಟಾರಿನ ಪಕ್ಕದ್ದು ಬಿಳೀ ನೈಲಾನ್. ಶಾಫ್ಟಿಗೆ ಬೇರಿಂಗ್ ಇಲ್ಲ. ವಾಟರ್‌ಪ್ರೂಫ್ ಅಂದಿದ್ದರಲ್ಲ, ಮುಚ್ಚಳದ ಸುತ್ತ ಒಂದು ರಬ್ಬರ್ ರಿಂಗೂ ಇರಲಿಲ್ಲ.

ಮಾರಿದವರಿಗೆ ಫೋಟೋ, ವೀಡಿಯೋ ಎಲ್ಲಾ ಕಳಿಸಿದೆ. ‘ಸರ್, ಪ್ರಾಡಕ್ಟ್ ಓಪನ್ ಮಾಡಿದ್ದೀರ, ರಿಟರ್ನ್ ಆಗಲ್ಲ’ ಅಂದರು. ಬಿಚ್ಚದೆ ನೈಲಾನ್ ಗೇರ್ ಹೇಗೆ ಕಾಣಿಸಬೇಕು ಅಂತ ಕೇಳಿದೆ, ಉತ್ತರ ಬರಲಿಲ್ಲ. ಅದಕ್ಕೇ ಹೇಳುವುದು, ಬಂದ ದಿನವೇ ತೂಗಿ, ಲಗೇಜ್ ತಕ್ಕಡಿ ಹಾಕಿ ಎಳೆಸಿ, ವೀಡಿಯೋ ಮಾಡಿಟ್ಟುಕೊಳ್ಳಿ. ಸ್ಕ್ರೂಗೆ ಮಾತ್ರ ಕೈ ಹಾಕಬೇಡಿ. ನಾನು ಕೈ ಹಾಕಿಯೇ ಕೆಟ್ಟಿದ್ದು.

ಕೊನೆಗೆ ಕೊಂಡಿದ್ದು ಆ ನಕ್ಕುಬಿಟ್ಟಿದ್ದ 2,200ರ ಸರ್ವೋವನ್ನೇ. ಅದೇ ಕಿಟಕಿ, ಅದೇ ತೂತು, 6.5 ಕೆಜಿ ಎಳೆಯಿತು. ಅಂದರೆ 13. ಹೇಳಿದ 15ಕ್ಕೆ ಹತ್ತಿರ ಇದೆ, 1/10 ಟ್ರಕ್ಕಿಗೆ ಸಾಕು. ಕಲ್ಲು ಹತ್ತಿಸುವ ಕ್ರಾಲರ್ ಇದ್ದರೆ ಇನ್ನೂ ಜಾಸ್ತಿ ಬೇಕು, ಅಂತರಗಂಗೆ ಕಡೆ ಬಂಡೆಗಳ ನಡುವೆ ಚಕ್ರ ಸಿಕ್ಕಿಕೊಂಡಾಗ 15 ಯಾವ ಮೂಲೆಗೂ ಸಾಲದು. ನುಣುಪು ರಸ್ತೆಯ ರೇಸ್ ಕಾರಿಗಾದರೆ ಬಲಕ್ಕಿಂತ ವೇಗ ನೋಡಿ. 60 ಡಿಗ್ರಿ ತಿರುಗಲು ಎಷ್ಟು ಸೆಕೆಂಡ್ ಅಂತ ಬರೆದಿರುತ್ತಾರೆ, 0.10 ಅಂದರೆ ಚುರುಕು, 0.20 ಅಂದರೆ ನಿಧಾನ.

ಹಾರ್ನ್ ಕೊಳ್ಳುವಾಗ ಶಾಫ್ಟಿನ ಹಲ್ಲು ಎಣಿಸಿ. 23, 24, 25 ಮೂರೂ ಇವೆ, ಕಣ್ಣಿಗೆ ಒಂದೇ ಥರ ಕಾಣುತ್ತವೆ. ಬಲವಂತವಾಗಿ ಒತ್ತಿ ಕೂರಿಸಿದರೆ ಹಲ್ಲು ತಿಂದುಹೋಗುತ್ತದೆ. ಬಿಇಸಿ ನನ್ನ ಹಾಗೆ 2 ಆಂಪಿಯರ್‌ದಾದರೆ ಒಳ್ಳೇ ಸರ್ವೋ ಹಾಕಿದರೂ ಅದೇ ತೊಂದರೆ ಬರಬಹುದು. ಅದಕ್ಕೇ ನಾನು ಬೇರೆಯಾಗಿ ಒಂದು 5 ಆಂಪಿಯರ್ ಬಿಇಸಿಯನ್ನೂ ಸೇರಿಸಿದೆ. ಇಎಸ್‌ಸಿಯಿಂದ ಬರುವ ಕೆಂಪು ವೈರನ್ನು ರಿಸೀವರಿನಿಂದ ಬಿಡಿಸಿಡಬೇಕು, ಇಲ್ಲದಿದ್ದರೆ ಎರಡು ಬಿಇಸಿಗಳು ಒಂದರ ಮೇಲೊಂದು ಬೀಳುತ್ತವೆ.

ಆ ಗೊಂಯ್ ಸದ್ದು? ಚಕ್ರ ಇನ್ನು ತಿರುಗಲು ಜಾಗವೇ ಇಲ್ಲದಿದ್ದರೂ ಸರ್ವೋ ತಳ್ಳುತ್ತಲೇ ಇದ್ದ ಸದ್ದು ಅದು. ಸರ್ವೋ ಎಲ್ಲಿಯ ತನಕ ತಿರುಗಬೇಕು ಅಂತ ಮಿತಿ ಹಾಕಲು ರಿಮೋಟಿನಲ್ಲಿ ಎಂಡ್ ಪಾಯಿಂಟ್ ಅಂತ ಸೆಟ್ಟಿಂಗ್ ಇದೆ. ಹೊಸ ಸರ್ವೋ ಹಾಕಿದ ದಿನ ಎರಡೂ ಕಡೆ ಪೂರ್ತಿ ತಿರುಗಿಸಿ, ಸದ್ದು ನಿಲ್ಲುವ ತನಕ ಇಳಿಸಿದೆವು. ಎಡಕ್ಕೆ 88, ಬಲಕ್ಕೆ 81. ಹುಡುಗ ಆ ಎರಡು ಅಂಕಿಯನ್ನು ಮಾರ್ಕರಿನಲ್ಲಿ ಗಾಡಿಯ ಹೊಟ್ಟೆ ಮೇಲೆ ಬರೆದಿದ್ದಾನೆ. ಪಕ್ಕದಲ್ಲೇ ಸೈಟ್ ಕಲ್ಲಿನ ಚಿತ್ರ ಬಿಡಿಸಿ, ಅದರ ಮೇಲೊಂದು ಇಂಟು ಮಾರ್ಕ್ ಹಾಕಿದ್ದಾನೆ.