ಕೊಂಡಜ್ಜಿ ಕೆರೆಗೆ ನಿಕಾನ್ ಮೊನಾರ್ಕ್ ಎಂ5 8×42 ಸಾಕೇ?

ವಲಸೆ ಹಕ್ಕಿ ಬರುವ ಕಾಲಕ್ಕೆ ಬೈನಾಕ್ಯುಲರ್ ಕೊಳ್ಳುವವರ ಮೊದಲ ಪ್ರಶ್ನೆ, ಎಂಟು ಪಟ್ಟು ದೊಡ್ಡದಾಗಿ ತೋರಿಸುವ ಎಂಟರದ್ದೋ, ಹತ್ತು ಪಟ್ಟು ತೋರಿಸುವ ಹತ್ತರದ್ದೋ? ಎಂಟರದ್ದೇ ತಗೊಳ್ಳಿ. ದಾವಣಗೆರೆ ಜಿಲ್ಲೆಯ ಕೊಂಡಜ್ಜಿಯಂಥ ಕೆರೆ ಏರಿಯ ಗಾಳಿಗೆ ಕೈ ಅದುರಿದರೆ ಹತ್ತರದ್ದು ಹಕ್ಕಿಯ ಜತೆ ಅದುರನ್ನೂ ದೊಡ್ಡದು ಮಾಡುತ್ತದೆ. ಬಿಸಿಲೇರಿ ನೀರಿನ ಮೇಲೆ ಝಳ ಕುಣಿಯತೊಡಗಿದ ಮೇಲಂತೂ ಪವರ್ ಹೆಚ್ಚಿದ್ದೂ ದಂಡ.

ಮೊನಾರ್ಕ್ ಎಂ5 8×42 ಬೈನಾಕ್ಯುಲರಿನ ತೂಕ 630 ಗ್ರಾಂ, ಕುತ್ತಿಗೆಗೆ ಭಾರವೆನಿಸದು. ಬಣ್ಣ ಚದುರುವುದನ್ನು ತಗ್ಗಿಸುವ ಇಡಿ (ED) ಗಾಜು ಇರುವುದರಿಂದ ಬೆಳ್ಳಗಿನ ಆಕಾಶದ ಎದುರು ಹಾರುವ ಸೆಳೆವ ಎಂಬ ಬೇಟೆಹಕ್ಕಿಯ ರೆಕ್ಕೆಯಂಚಿಗೆ ನೇರಳೆ ಬಣ್ಣ ಅಂಟುವುದು ಕಡಿಮೆ. ಮುಂದಿನ ಗಾಜಿನ ಅಗಲವಾದ 42 ಮಿ.ಮೀ.ಯನ್ನು 8ರಿಂದ ಭಾಗಿಸಿದರೆ 5.25 ಮಿ.ಮೀ. ಕಣ್ಣಿಗೆ ಬೀಳುವ ಬೆಳಕಿನ ಅಗಲ ಅಷ್ಟು. ನಸುಕಿನಲ್ಲಿ ಜೊಂಡಿನೊಳಗೆ ನೋಡಲು ಧಾರಾಳವಾಯಿತು.

ಕೊರತೆ ಇರುವುದು ನೋಟದ ಹರವಿನಲ್ಲಿ. ಸಾವಿರ ಮೀಟರ್ ದೂರದಲ್ಲಿ 112 ಮೀಟರ್ ಅಗಲ ಮಾತ್ರ ಕಾಣುತ್ತದೆ. ಇದರ ಅಣ್ಣ ಎಂ7ರಲ್ಲಿ 145. ಈಜುವ ಬಾತಿಗೆ ಇದು ಲೆಕ್ಕಕ್ಕಿಲ್ಲ. ಆದರೆ ಹುಣಸೆ ಮರದೊಳಗೆ ಒಂದು ಕಡೆ ನಿಲ್ಲದೆ ಪುಟಪುಟ ಹಾರುವ ಗ್ರೀನಿಶ್ ವಾರ್ಬ್ಲರ್ ಹಿಂದೆ ಬಿದ್ದಾಗ ಗೊತ್ತಾಗುತ್ತದೆ: ರೆಕ್ಕೆಯ ಮೇಲಿನ ಸಣ್ಣ ಬಿಳಿ ಗೀಟು ಕಾಣುವಷ್ಟರಲ್ಲಿ ಹಕ್ಕಿ ಚೌಕಟ್ಟಿನಾಚೆ. ಮರ, ಪೊದೆಯ ಹಕ್ಕಿಗಳೇ ನಿಮ್ಮ ಗೀಳಾದರೆ ದುಡ್ಡು ಕೂಡಿಸಿ ಎಂ7ಕ್ಕೇ ಹೋಗಿ.

'ಮಸುಕು ಮಸುಕು' ಎಂಬ ದೂರಿಗೆ ಬಹುಪಾಲು ಹೊಂದಿಸದಿರುವುದೇ ಕಾರಣ. ಬಲಗಡೆಯ ಮುಂದಿನ ಗಾಜನ್ನು ಅಂಗೈಯಿಂದ ಮುಚ್ಚಿ, ದೂರದ ಬೋರ್ಡೊಂದನ್ನು ನಡುವಿನ ಚಕ್ರದಿಂದ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಡೆ ಮುಚ್ಚಿ, ಚಕ್ರ ಮುಟ್ಟದೆ ಬಲಗಣ್ಣಿನ ಬಳೆಯನ್ನಷ್ಟೇ ತಿರುಗಿಸಿ. ಬ್ಯಾಗಿನಲ್ಲಿ ಉಜ್ಜಿ ಆ ಬಳೆ ಸರಿದಿರಬಹುದು, ಹೊರಡುವಾಗ ಒಮ್ಮೆ ನೋಡಿಕೊಳ್ಳಿ. ಕನ್ನಡಕದವರು ಕಣ್ಣಿನ ಕಪ್ ಪೂರ್ತಿ ಒಳಗಿಳಿಸಿ. ಗಾಜಿಗೂ ಕಣ್ಣಿಗೂ 19.5 ಮಿ.ಮೀ. ಅಂತರ ಸಿಗುವುದರಿಂದ ಕನ್ನಡಕ ತೆಗೆಯಬೇಕಿಲ್ಲ.

ಒಳಗೆ ನೈಟ್ರೋಜನ್ ತುಂಬಿರುವುದರಿಂದ ಮಳೆಗಾಲದಲ್ಲಿ ಒಳಗಾಜು ಮಂಜಾಗುವ ಭಯವಿಲ್ಲ. ನಮ್ಮ ಕಡೆಯ ಧೂಳೇ ಶತ್ರು. ಟವೆಲ್ಲಿನ ತುದಿಯಿಂದ ಉಜ್ಜಿದರೆ ಮಣ್ಣಿನ ಕಣ ಲೇಪನವನ್ನು ಗೀರುತ್ತದೆ. ಮೊದಲು ಬ್ಲೋವರ್‌ನಿಂದ ಊದಿ, ಆಮೇಲೆ ಮೈಕ್ರೋಫೈಬರ್ ಬಟ್ಟೆ.

ಸೂಳೆಕೆರೆಯಂಥ ವಿಸ್ತಾರದ ನೀರಿನಲ್ಲಿ ಆಚೆ ದಡದ ಬಾತುಗಳನ್ನು ಜಾತಿವಾರು ಎಣಿಸಲು ಮಾತ್ರ ಇದನ್ನು ನಂಬಬೇಡಿ. ಅದು ಟ್ರೈಪಾಡ್ ಮೇಲಿನ ಸ್ಪಾಟಿಂಗ್ ಸ್ಕೋಪಿನ (ಒಂಟಿ ಕೊಳವೆಯ ದುರ್ಬೀನಿನ) ಕೆಲಸ.